ನಿಂತಿದ್ದ ಕಾರು

ನಮ್ಮ ಕಾರು ನಿಂತಿತ್ತು. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಈ ಮಾತನ್ನು ಪೂರ್ತಿ ಹೇಳಲು ನನ್ನನ್ನು ಯಾರೂ ಬಿಡಲಿಲ್ಲ.

ಬಾದನಹಟ್ಟಿ ಕಡೆಯ ಕಾಲುವೆ ಸೇತುವೆ ಬಹಳ ಇಕ್ಕಟ್ಟು. ಎದುರಿಗೆ ಎತ್ತಿನ ಬಂಡಿ ಬಂದರೂ ಯಾರಾದರೊಬ್ಬರು ಕಾಯಬೇಕು. ಆಚೆಯಿಂದ ಧೂಳೆಬ್ಬಿಸಿಕೊಂಡು ಫಿಯೆಟ್ ಕಾರೊಂದು ಬರುವುದನ್ನು ಕಂಡು ನಮ್ಮನೆಯವರು ಈಚೆಗೇ ಎಡಕ್ಕೆ ತೆಗೆದು ನಿಲ್ಲಿಸಿದರು. ನಾನು ಪಕ್ಕದ ಸೀಟಿನಲ್ಲೇ ಕೂತಿದ್ದೆ. ಕುರುಗೋಡಿಗೆ ಯಾರನ್ನೋ ಬಿಟ್ಟು ಬರುವ ಬಾಡಿಗೆ ಇತ್ತು, ದೊಡ್ಡಬಸವೇಶ್ವರನಿಗೆ ಕಾಯಿ ಒಡೆಸೋಣವೆಂದು ನಾನೂ ಹೋಗಿದ್ದೆ. ವಾಪಸ್ ಬರುವಾಗ ಕಾರಿನಲ್ಲಿ ನಾವಿಬ್ಬರೇ. ಹೇಗೂ ನಿಂತಿದ್ದೇವಲ್ಲ ಎಂದು ಅವರು ಬೀಡಿ ಬಾಯಿಗಿಟ್ಟು ಕಡ್ಡಿ ಗೀರಿದರು. ಫಿಯೆಟ್ ಸೇತುವೆ ದಾಟಿತು. ದಾಟಿದ್ದು ನೆಟ್ಟಗೆ ಹೋಗದೆ, ರಸ್ತೆಯಲ್ಲಿ ಬೇರೆ ಜಾಗವೇ ಇಲ್ಲವೆನ್ನುವ ಹಾಗೆ ನಮ್ಮ ಕಡೆಗೇ ತಿರುಗಿ ಬಂದು ಗುದ್ದಿತು. ಮೈಗೆ ಅಂಥ ದೊಡ್ಡ ಪೆಟ್ಟೇನಲ್ಲ, ಯಾರಿಗೂ ರಕ್ತ ಬರಲಿಲ್ಲ. ಹೊತ್ತಿದ ಕಡ್ಡಿ ನಮ್ಮನೆಯವರ ಪಂಚೆಯ ಮೇಲೆ ಬಿದ್ದು, ತೊಡೆಯ ಹತ್ತಿರ ಹುಣಸೆ ಬೀಜದಷ್ಟು ತೂತು ಸುಟ್ಟಿತು.

ಇಳಿದು ನೋಡಿದರೆ ಬಲಗಡೆಯ ಮಡ್‌ಗಾರ್ಡ್ ಒಳಗೆ ಹೋಗಿತ್ತು, ಹೆಡ್‌ಲೈಟು ಪುಡಿಪುಡಿ, ಬಾನೆಟ್ಟು ಬಾಯಿ ತೆರೆದಿತ್ತು. ರೇಡಿಯೇಟರಿನ ನೀರೆಲ್ಲ ರಸ್ತೆಗೆ ಹರಿಯುತ್ತಿತ್ತು. ನಮ್ಮನೆಯವರು, ಎರ್ರಿಸ್ವಾಮಿ, ಬಳ್ಳಾರಿಯ ರೈಲ್ವೆ ಸ್ಟೇಷನ್ ಮುಂದೆ ಟ್ಯಾಕ್ಸಿ ನಿಲ್ಲಿಸುವವರು. ಆ ಅಂಬಾಸಿಡರೇ ನಮಗೆ ಹೊಲ, ಅದೇ ಅಂಗಡಿ. ಅದರ ಮೂತಿಯೇ ಹಾಗೆ ಜಜ್ಜಿಹೋಗಿತ್ತು.

ಫಿಯೆಟ್ಟಿನಿಂದ ಇಳಿದವನು ಸಿರುಗುಪ್ಪದ ತಿಪ್ಪೇರುದ್ರಪ್ಪ, ಅಕ್ಕಿ ಮಿಲ್ಲಿನ ಮಾಲೀಕ. ಎದುರಿಗೆ ಸಿಕ್ಕರೆ ಇವತ್ತಿಗೂ ರೀ ಹಚ್ಚಿಯೇ ಮಾತಾಡಿಸುತ್ತೇನೆ, ಇಲ್ಲಿ ಆ ದಾಕ್ಷಿಣ್ಯ ನನಗೆ ಬೇಕಿಲ್ಲ. ಎಮರ್ಜೆನ್ಸಿ ಮುಗಿದು ಎಲೆಕ್ಷನ್ ಆದ ವರ್ಷ ಅದು. ಅವನು ಹೊಸದಾಗಿ ಕಾರು ಕೊಂಡಿದ್ದ, ಡ್ರೈವರನ ಜೊತೆ ಜಗಳಾಡಿ ಅವನನ್ನು ಕೆಲಸದಿಂದ ಬಿಡಿಸಿದ್ದ, ಸ್ಟೇರಿಂಗ್ ತಾನೇ ಹಿಡಿದಿದ್ದ. ನನ್ನ ತಾಯಿಯ ಕಡೆಯಿಂದ ಹುಡುಕುತ್ತ ಹೋದರೆ ನನಗೆ ಅವನು ಅಣ್ಣನಾಗಬೇಕು. ಅವನೂ ನನ್ನನ್ನು ಗುರುತಿಸಿದ. ಮುಖವೆಲ್ಲ ಬೆವರಿತ್ತು.

"ತಪ್ಪು ನಂದ ಐತಿ ತಂಗಿ" ಅಂದ. "ಬ್ರೇಕ್ ಅಂತ ತುಳಿಯಾಕ ಹೋಗಿ ಇನ್ನೊಂದು ತುಳಿದೆ. ಸ್ವಾಮಿ, ನೀ ಏನೂ ಮನಸಿಗೆ ಹಚ್ಚಿಕೋಬ್ಯಾಡ. ರಿಪೇರಿ ಎಷ್ಟ ಆಗಲಿ ನಾ ಕೊಡ್ತೀನಿ. ಮನಿ ಮಂದಿ ನಾವು, ಪೊಲೀಸ್ ಗಿಲೀಸ್ ಯಾಕ?"

ಮನೆ ಮಂದಿ ಎಂಬ ಮಾತಿಗೆ ನಮ್ಮನೆಯವರು ಕರಗಿಹೋದರು. ಕುರುಗೋಡಿಗೆ ಹೋಗಿ ಪೊಲೀಸರನ್ನು ಕರೆತರೋಣ ಎಂದು ನಾನು ಅಂದೆ. "ಸುಮ್ನಿರು, ನಿಮ್ಮಣ್ಣನ್ನ ಕೋರ್ಟಿಗೆ ಎಳೀತಿಯೇನು" ಎಂದು ನನಗೇ ಗದರಿದರು. ನಮ್ಮ ಇನ್ಶೂರೆನ್ಸಿನಲ್ಲಿ ನಮ್ಮ ಕಾರಿನ ರಿಪೇರಿಗೆ ಒಂದು ಪೈಸೆಯೂ ಇರಲಿಲ್ಲ. ಅವನ ಇನ್ಶೂರೆನ್ಸಿನಿಂದ ಪಡೆಯಬೇಕೆಂದರೆ ಪೊಲೀಸರು ಬಂದು ಅಲ್ಲೇ ಪಂಚನಾಮೆ ಬರೆಯಬೇಕಿತ್ತು. ಅಣ್ಣತಂಗಿಯ ಮಾತಿನಲ್ಲಿ ಅದು ಹೋಯಿತು. ಕಾರಿಗೆ ಹಗ್ಗ ಕಟ್ಟಿ ಭತ್ತದ ಲಾರಿಯೊಂದರ ಹಿಂದೆ ಬಳ್ಳಾರಿಗೆ ಎಳೆಸಿಕೊಂಡು ಬಂದೆವು.

ಕೌಲ್ ಬಜಾರಿನಲ್ಲಿ ಖಾದರಸಾಬರ ಶೆಡ್ಡು. ಅವರು ಕಾರಿನ ಸುತ್ತ ಓಡಾಡಿ ನೋಡಿ ಹೇಳಿದ ಖರ್ಚು ನಮ್ಮ ಎರಡು ತಿಂಗಳ ದುಡಿಮೆ. "ರೇಡಿಯೇಟರು, ಫ್ಯಾನು ಈಗ ಮಾಡಿ ಕೊಡ್ತೀನಿ, ಗಾಡಿ ಓಡ್ಲಿ. ಟಿಂಕರಿಂಗ್, ಪೇಂಟು, ಲೈಟು ಆಮ್ಯಾಲೆ. ನಿಮ್ಮ ನೆಂಟರು ಕೊಟ್ಟ ಮ್ಯಾಲೆ ನನಗ ಕೊಡ್ರಿ" ಅಂದರು. ಹಾಗೆ ನಮ್ಮ ಕಾರು ಒಕ್ಕಣ್ಣಿನದಾಗಿ, ಮಡ್‌ಗಾರ್ಡಿಗೆ ತಂತಿ ಬಿಗಿದುಕೊಂಡು ಸ್ಟೇಷನ್ ಮುಂದೆ ಬಂದು ನಿಂತಿತು. ಹಗಲಿನ ಬಾಡಿಗೆ ಮಾತ್ರ. ಅದೂ ಹತ್ತಿರದ್ದು.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ತಂದಿಡುತ್ತಾರೆ. ಆ ನೀರು ಕುಡಿದ ಮೇಲೆ ಆ ಮನೆಯಲ್ಲಿ ಜಗಳ ಎತ್ತಬಾರದು, ಬಾಕಿ ಕೇಳಬಾರದು. ಉಂಡು ಕೈ ತೊಳೆದ ಮೇಲಂತೂ ಆ ಹೊತ್ತಿಗೆ ಬಾಯಿ ಮುಚ್ಚಿಕೊಂಡು ಹೊರಡಬೇಕು. ಹಿರಿಯರು ಮಾಡಿಟ್ಟ ಪದ್ಧತಿ, ಒಳ್ಳೆಯದಕ್ಕೇ ಮಾಡಿರಬೇಕು. ತಿಪ್ಪೇರುದ್ರಪ್ಪ ಅದನ್ನು ಬಾಗಿಲಿಗೆ ಅಗುಳಿ ಹಾಕಿದ ಹಾಗೆ ಬಳಸಿಕೊಂಡ.

ನಮ್ಮನೆಯವರು ದುಡ್ಡು ಕೇಳಲು ಸಿರುಗುಪ್ಪಕ್ಕೆ ಹೋದರೆ ಅವನು ಮಿಲ್ಲಿನಲ್ಲಿ ಮಾತಾಡಿಸುತ್ತಲೇ ಇರಲಿಲ್ಲ. ಹೆಗಲ ಮೇಲೆ ಕೈ ಹಾಕಿ ಮನೆಗೆ ಕರೆದುಕೊಂಡು ಹೋಗುತ್ತಿದ್ದ. ನೀರು, ಬೆಲ್ಲ, ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ, ಅದಾದ ಮೇಲೆ ರೊಟ್ಟಿ ಪಲ್ಯದ ಊಟ. ಅವನ ಹೆಂಡತಿ ಶಿವಬಸಮ್ಮ ರೊಟ್ಟಿಗೆ ತುಪ್ಪ ಸುರಿದು ಬಡಿಸುತ್ತಿದ್ದಳಂತೆ. ಹೊರಡುವಾಗ ಒಂದು ಚೀಲ ಸಣ್ಣಕ್ಕಿ. "ತಂಗಿಗೆ ಕೊಡು" ಅನ್ನುತ್ತಿದ್ದನಂತೆ. ನಮ್ಮನೆಯವರು ಚೀಲ ಹೊತ್ತುಕೊಂಡು ಬಸ್ಸಿಳಿದು ಬರುವಾಗ ನಾನು ಅವರ ಮುಖ ನೋಡಿಯೇ ತಿಳಿದುಕೊಳ್ಳುತ್ತಿದ್ದೆ.

"ಕೇಳಿದ್ರೇನು?"

"ಹೆಂಗ ಕೇಳ್ಲಿ? ಉಂಡಿದ್ನಲ್ಲ."

"ಉಣ್ಣೂಕಿಂತ ಮೊದ್ಲ ಕೇಳಬೇಕಿತ್ತು."

"ಬಾಗಿಲಾಗ ಕಾಲಿಟ್ಟ ಕೂಡ್ಲೇ ರೊಕ್ಕ ಕೇಳಾಕ ಬರ್ತೈತೇನು? ನೀ ಒಬ್ಬಾಕಿ."

ನಮ್ಮನೆಯವರು ಕೆಟ್ಟವರಲ್ಲ. ಬಾಯಿ ಸತ್ತವರು. ಪ್ಯಾಸೆಂಜರು ಬಾಡಿಗೆಯಲ್ಲಿ ಎರಡು ರೂಪಾಯಿ ಮುರಿದುಕೊಂಡರೂ ಹೋಗಲಿ ಬಿಡಿ ಎನ್ನುವವರು. ಆ ಅಕ್ಕಿಯನ್ನು ನಾನು ಬೇಯಿಸಿದೆ, ಇಲ್ಲವೆನ್ನುವುದಿಲ್ಲ. ಬಾಡಿಗೆ ಕಡಿಮೆಯಾದ ಮನೆಯಲ್ಲಿ ಬಂದ ಅಕ್ಕಿಯನ್ನು ಯಾರು ಚೆಲ್ಲುತ್ತಾರೆ? ಅನ್ನ ಮಲ್ಲಿಗೆಯಂತೆ ಅರಳುತ್ತಿತ್ತು.

ದುಡ್ಡು ಬರದಿದ್ದರೆ ಸಾಲ ಮಾಡಿಯಾದರೂ ಲೈಟು ಹಾಕಿಸುತ್ತಿದ್ದೆವು. ಅದಕ್ಕಿಂತ ಕೆಟ್ಟದ್ದು ಬೇರೆ ಇತ್ತು. ರೂಪನಗುಡಿಯ ದೊಡ್ಡಬಸಪ್ಪನವರು ಮಗಳ ಬಾಣಂತನದಿಂದ ಹಿಡಿದು ಬೀಗರ ಊಟದವರೆಗೆ ನಮ್ಮ ಟ್ಯಾಕ್ಸಿಯನ್ನೇ ಕರೆಯುತ್ತಿದ್ದವರು. ಅವರು ನಮ್ಮ ಕಣ್ಣೆದುರೇ ಬೇರೆ ಟ್ಯಾಕ್ಸಿ ಹತ್ತಿದರು. ಮಾರ್ಕೆಟ್ಟಿನಲ್ಲಿ ಅವರ ಹೆಂಡತಿ ಗಾದೆಮ್ಮ ಸಿಕ್ಕಾಗ ನಾನು ನೇರವಾಗಿಯೇ ಕೇಳಿದೆ. ಆಕೆ ಬದನೆಕಾಯಿ ಆರಿಸುತ್ತ ತಲೆ ಎತ್ತಲಿಲ್ಲ.

"ಬ್ಯಾಸರ ಮಾಡ್ಕೋಬ್ಯಾಡವ್ವ. ನಿಮ್ಮನಿಯವರಿಗೆ ಗಾಡಿ ಹೊಡೀತಾ ಹೊಡೀತಾ ಕಣ್ಣು ಹತ್ತತಾವಂತಲ್ಲ. ಬಾದನಹಟ್ಟಿ ಹತ್ರ ಹೋಗಿ ಸಾಹುಕಾರ್ರ ಕಾರಿಗೆ ಗುದ್ದಿದ್ರಂತ. ಪಾಪ, ಅವರು ದೊಡ್ಡ ಮನಸು ಮಾಡಿ ಕೇಸು ಹಾಕಲಿಲ್ಲಂತ, ಮ್ಯಾಲೆ ಅಕ್ಕಿ ಬ್ಯಾರೆ ಕಳಿಸ್ತಾರಂತ. ನಮ್ಮ ಹುಡುಗಿ ಎಳೀ ಕೂಸು ಕಟ್ಕೊಂಡು ಓಡಾಡಾಕಿ, ನಮಗೂ ಅಂಜಿಕಿ ಇರ್ತೈತಲ್ಲ."

ಆವತ್ತು ನಾನು ತರಕಾರಿ ಕೊಳ್ಳದೆ ಮನೆಗೆ ಬಂದೆ. ಟ್ಯಾಕ್ಸಿ ಹೊಡೆಯುವವನಿಗೆ ನಿದ್ದೆಬಡುಕ ಎಂಬ ಹೆಸರು ಬಂದರೆ ಕಾರಿಗೆ ಬೆಳ್ಳಿಯ ಲೈಟು ಹಾಕಿಸಿದರೂ ಯಾರು ಹತ್ತುತ್ತಾರೆ? ನಮಗೆ ಬರಬೇಕಾದ್ದು ದುಡ್ಡು ಮಾತ್ರವಲ್ಲ, ತಪ್ಪು ತನ್ನದೆಂದು ಅವನು ಸೇತುವೆಯ ಹತ್ತಿರ ಆಡಿದ್ದ ಆ ಮಾತೂ ಬರಬೇಕಿತ್ತು. ನಾನೇ ಹೋಗಿ ತರುತ್ತೇನೆ ಎಂದು ಸಿರುಗುಪ್ಪದ ಬಸ್ ಹತ್ತಿದೆ. ನೀರು ಮುಟ್ಟಬಾರದೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ.

ನಮ್ಮ ಕಡೆಯ ಬೇಸಿಗೆ ಗೊತ್ತಿದ್ದವರಿಗೆ ನಾನು ಹೇಳಬೇಕಾಗಿಲ್ಲ. ಬಸ್ಸಿಳಿದು ಅವರ ಮನೆ ಮುಟ್ಟುವುದರೊಳಗೆ ನಾಲಗೆ ಅಂಗುಳಕ್ಕೆ ಅಂಟಿತ್ತು. ಶಿವಬಸಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ, ತಾಮ್ರದ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟಳು. ತಂಬಿಗೆಯ ಹೊರಮೈಯೆಲ್ಲ ಬೆವೆತಿತ್ತು. ತಿಪ್ಪೇರುದ್ರಪ್ಪ ಒಳಗಿನಿಂದ ಬಂದು ಎದುರಿಗೆ ಕೂತ.

"ನೀರು ಕುಡಿ ತಂಗಿ. ಬಿಸಿಲಾಗ ಬಂದಿ."

"ಕುಡೀತೀನ್ರಿ ಅಣ್ಣಾರ. ಮೊದ್ಲು ಒಂದು ಮಾತು ಮುಗೀಲಿ."

"ಮಾತು ಎಲ್ಲಿ ಹೋಗ್ತೈತಿ? ಕುಡಿ ಮೊದ್ಲು."

"ನಮ್ಮ ಕಾರು ನಿಂತಿತ್ತು. ನೀವು ಬಂದು ಗುದ್ದಿದ್ರಿ. ತಪ್ಪು ನಂದು ಅಂತ ನೀವ ಅಂದ್ರಿ. ಈಗ ನಮ್ಮನಿಯವರು ನಿದ್ದಿ ಮಾಡಿದ್ರು ಅಂತ ಊರ ಮಂದಿ ಅಂತಾರ. ಯಾರು ಹೇಳಿದ್ರು ಅವರಿಗೆ?"

ಅವನು ನನ್ನ ಮುಖ ನೋಡಲಿಲ್ಲ, ತಂಬಿಗೆ ನೋಡಿದ. ಶಿವಬಸಮ್ಮನೂ ತಂಬಿಗೆ ನೋಡಿದಳು. "ನಮ್ಮ ಮನಿ ನೀರು ಬ್ಯಾಡೇನವ್ವ ನಿನಗ?" ಎಂದಳು. ಆಕೆಯ ದನಿಯಲ್ಲಿ ನಿಜವಾದ ನೋವಿತ್ತು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ, ಆಕೆಗೆ ಸೇತುವೆಯ ಸಂಗತಿ ಗೊತ್ತಿತ್ತೋ ಇಲ್ಲವೋ.

"ಅಣ್ಣಾರು ಆ ಮಾತು ಒಂದು ಹೇಳ್ಲಿ. ಈ ತಂಬಿಗಿ ಅಲ್ಲ, ಕೊಡಾನೇ ಕುಡೀತೀನಿ."

ತಿಪ್ಪೇರುದ್ರಪ್ಪ ಎದ್ದು ಅಂಗಿ ಕೊಡವಿಕೊಂಡ. "ನೀರು ಬ್ಯಾಡ ಅಂದವರ ಹತ್ರ ನನಗೇನೂ ಮಾತಿಲ್ಲ" ಎಂದು ಮಿಲ್ಲಿಗೆ ನಡೆದ. ನಾನೂ ಎದ್ದೆ. ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂದು ಹುಸೇನ್ ಬೀ ಅವರ ಚಹಾದ ಅಂಗಡಿಯ ಬೆಂಚಿನ ಮೇಲೆ ಕುಸಿದು ಕೂತೆ. ಆ ಮುದುಕಿ ಏನೂ ಕೇಳದೆ ಗಡಿಗೆಯಿಂದ ನೀರು ತೆಗೆದು ಕೊಟ್ಟರು. ಗಟಗಟ ಕುಡಿದು ಇನ್ನೊಂದು ಲೋಟ ಬೇಡಿದೆ. ಕುಡಿದ ಲೋಟವನ್ನು ಎಷ್ಟು ಜನ ನೋಡುತ್ತಿದ್ದರು ಎಂದು ತಿರುಗಿ ನೋಡುವ ಬುದ್ಧಿ ಆಗ ನನಗಿರಲಿಲ್ಲ.

ನಾನು ಬಳ್ಳಾರಿ ಸೇರಿ ಸ್ವಲ್ಪ ದಿನಕ್ಕೆಲ್ಲ ಕುರುಗೋಡಿನಿಂದ ಕರೆ ಬಂತು. ಅಲ್ಲಿನ ಮರಿಬಸಪ್ಪನವರು ನಮ್ಮ ಜನದ ಹಿರಿಯರು. ಹೆಣ್ಣು ಗಂಡು ಗೊತ್ತು ಮಾಡುವುದು, ಪಾಲು ಹಂಚುವುದು, ಮುನಿಸಿಕೊಂಡವರನ್ನು ಕೂಡಿಸುವುದು ಎಲ್ಲ ಅವರ ಪಡಸಾಲೆಯಲ್ಲೇ. ನಮ್ಮನೆಯವರು ಹೆದರಿದರು. ನನಗೆ ಸಂತೋಷವಾಯಿತು. ಕೊನೆಗೂ ಯಾರೋ ಒಬ್ಬರು ಕೇಳುತ್ತಾರಲ್ಲ ಎಂದು ತೂತು ಬಿದ್ದಿದ್ದ ಆ ಪಂಚೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡೆ. ಒಕ್ಕಣ್ಣಿನ ಕಾರಿನಲ್ಲೇ ಹೋದೆವು. ಹಿರಿಯರು ಕಾರನ್ನು ಕಣ್ಣಾರೆ ನೋಡಲಿ ಎಂದು ಅವರ ಮನೆ ಕಟ್ಟೆಯ ಮುಂದೆಯೇ ನಿಲ್ಲಿಸಲು ಹೇಳಿದೆ.

ಯಾರೂ ಹೊರಗೆ ಬಂದು ಅದನ್ನು ನೋಡಲಿಲ್ಲ. ಪಡಸಾಲೆಯಲ್ಲಿ ಹಿರಿಯರು ಗೋಡೆಗೊರಗಿ ಕೂತಿದ್ದರು. ತಿಪ್ಪೇರುದ್ರಪ್ಪ ಅವರ ಸಾಲಿನಲ್ಲೇ ಕೂತಿದ್ದ. ನಡುವೆ ಒಂದು ತಂಬಿಗೆ ನೀರು.

ಮರಿಬಸಪ್ಪನವರು ಎಲೆಗೆ ಸುಣ್ಣ ಹಚ್ಚುತ್ತ ನನ್ನನ್ನೇ ಕೇಳಿದರು. "ಯಾಕವ್ವ ಕೊಟ್ರಬಸಮ್ಮ, ಅಣ್ಣನ ಮನಿ ನೀರು ಬ್ಯಾಡ ಅಂದಿಯಂತ. ಸಾಬರ ಅಂಗಡ್ಯಾಗ ಕುಡಿದಿಯಂತ."

"ನೀರಡಿಸಿತ್ರಿ, ಕುಡಿದೆ. ಆಯಮ್ಮ ನೀರು ಕೊಟ್ಟು ನನ್ನ ಬಾಯಿ ಮುಚ್ಚಸಲಿಲ್ಲ. ಯಜಮಾನ್ರ, ಸೇತುವಿ ಹತ್ರ ಏನಾತು ಅಂತ ಕೇಳ್ರಿ."

"ಅದು ಆಮ್ಯಾಲೆ. ಕಾರು ಅಂದ್ರ ಕಬ್ಬಿಣ, ಬಡಿದ್ರ ನೆಟ್ಟಗಾಗ್ತೈತಿ. ನೀರು ಬ್ಯಾಡ ಅಂದದ್ದು ಹಂಗಲ್ಲ. ನಾಳೆ ನಿನ್ನ ನೋಡಿ ಇನ್ನೊಬ್ಬಾಕಿ ಹಂಗ ಮಾಡಿದ್ರ ನಮ್ಮ ಜನ ಒಂದಾಗಿ ಇರ್ತಾರೇನು?"

ಬಿಸಿಲು ಕಟ್ಟೆಯಿಂದ ಇಳಿದು ಅಂಗಳಕ್ಕೆ ಬರುವ ತನಕ ನೀರಿನ ಮಾತೇ ನಡೆಯಿತು. ಯಾವ ಕಾಲದಲ್ಲಿ ಯಾರು ಯಾರ ಮನೆಯ ನೀರು ಬಿಟ್ಟು ಏನು ಕೆಡುಕಾಯಿತೆಂದು ಒಬ್ಬರಾದ ಮೇಲೊಬ್ಬರು ನೆನೆಸಿಕೊಂಡರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಚೀಲದಿಂದ ಪಂಚೆ ತೆಗೆದು ಬಿಡಿಸಿದೆ.

"ಈ ತೂತು ನೋಡ್ರಿ. ಗಾಡಿ ನಿಲ್ಲಿಸಿ ಬೀಡಿ ಹಚ್ಚಿದ್ರು. ಇವರು ಬಂದು ಗುದ್ದಿದಾಗ ಕಡ್ಡಿ ಬಿದ್ದು ಸುಟ್ಟಿದ್ದು. ನಿದ್ದಿ ಮಾಡೋ ಮನುಷ್ಯ ಕಡ್ಡಿ ಗೀರ್ತಾನೇನು? ನಾ ಮಗ್ಗುಲಾಗ ಕುಂತಿದ್ದೆ, ಕಣ್ಣಾರೆ ನೋಡೀನಿ."

ಪಂಚೆ ಕೈಯಿಂದ ಕೈಗೆ ಹೋಯಿತು. ಯಾರೋ ತೂತಿನಲ್ಲಿ ಬೆರಳು ತೂರಿಸಿ ನಕ್ಕರು. ಮರಿಬಸಪ್ಪನವರೂ ನಕ್ಕರು.

"ಹೇಣ್ತಿ ಗಂಡನ ಪರ ಹೇಳೂದು ಇದ್ದದ್ದ. ಆದ್ರ ನೋಡವ್ವ, ನಿದ್ದಿ ಅಲ್ಲ ಅಂತ ತೋರಸಾಕ ಹೋಗಿ ಗಾಡಿ ಹೊಡೀತಾ ಬೀಡಿ ಹಚ್ಚಿದ್ದ ಅಂತ ನೀನ ತೋರಿಸಿಕೊಟ್ಟಿ. ಲಕ್ಷ್ಯ ಬೀಡಿ ಮ್ಯಾಲಿದ್ರ ರಸ್ತಿ ಎಲ್ಲಿ ಕಾಣಬೇಕು?"

ನಿಂತಿತ್ತು, ಕಾರು ನಿಂತಿತ್ತು ಎಂದು ನಾನು ಎಷ್ಟು ಸಲ ಹೇಳಿದೆನೋ. ಅವರ ನಗೆಯಲ್ಲಿ ಅದು ಯಾರಿಗೂ ಕೇಳಲಿಲ್ಲ. ನಮ್ಮನೆಯವರು ತಲೆ ತಗ್ಗಿಸಿ ಕೂತಿದ್ದರು. ಅವರ ಕಿವಿಯೆಲ್ಲ ಕೆಂಪಾಗಿತ್ತು.

ಆಗ ತಿಪ್ಪೇರುದ್ರಪ್ಪ ಕೈ ಎತ್ತಿದ. "ಹೋಗ್ಲಿ ಬಿಡ್ರಿ. ನನಗ ತಂಗಿ ದೊಡ್ಡಾಕಿ, ರೊಕ್ಕ ಅಲ್ಲ. ಪೂರಾ ರಿಪೇರಿ ನಾ ಕೊಡ್ತೀನಿ" ಎಂದು ಒಂದು ತಟ್ಟೆ ಮುಂದಕ್ಕೆ ಸರಿಸಿದ. ಎಲ್ಲ ಮೊದಲೇ ತಯಾರಾಗಿತ್ತು. ಎಲೆ, ಅಡಿಕೆ, ಕಾಯಿ, ಒಂದು ಕುಪ್ಪಸದ ಬಟ್ಟೆ, ಅದರ ಮೇಲೆ ನೋಟುಗಳು. ತವರಿನವರು ಹೆಣ್ಣುಮಗಳಿಗೆ ಉಡಿ ತುಂಬುವಾಗ ಇಡುವ ತಟ್ಟೆ. ಹಿರಿಯರೆಲ್ಲ ತಲೆದೂಗಿದರು, ಇಂಥ ಅಣ್ಣ ಸಿಗಬೇಕಲ್ಲ ಎಂದರು. ಖಾದರಸಾಬರಿಗೆ ಕೊಡಬೇಕಾದಷ್ಟೂ ಆ ತಟ್ಟೆಯಲ್ಲಿತ್ತು. ನಮಗೆ ಬರಬೇಕಾದ ದುಡ್ಡೇ ಅದು. ಆದರೆ ಆ ತಟ್ಟೆಯಿಂದ ತೆಗೆದುಕೊಂಡರೆ ಅದು ಉಡುಗೊರೆ, ತಪ್ಪು ಮಾಡಿದವರ ಮೇಲೆ ದೊಡ್ಡವರು ತೋರಿಸಿದ ದಯೆ.

"ಉಡಿ ಒಡ್ಡವ್ವ. ನೀರು ಕುಡಿದು ಇಸಕೊ" ಅಂದರು ಮರಿಬಸಪ್ಪನವರು.

ನಾನು ಸೆರಗು ಬಿಗಿಯಾಗಿ ಹೊದ್ದುಕೊಂಡೆ. "ಈ ರೊಕ್ಕ ನನಗ ಬ್ಯಾಡ್ರಿ. ಅಣ್ಣಾರು ತಟ್ಟಿ ವಾಪಸ್ ಒಯ್ಯಲಿ. ಕಾರು ನಿಂತಿತ್ತು, ನಾ ಬಂದು ಗುದ್ದಿದೆ ಅಂತ ಇಲ್ಲಿ ಎಲ್ಲಾರ ಮುಂದ ಒಂದ ಸಲ ಹೇಳ್ಲಿ. ಅಷ್ಟ ಸಾಕು. ನೀರೂ ಕುಡೀತೀನಿ, ಅವರ ಕಾಲಿಗೂ ಬೀಳ್ತೀನಿ."

ಎಲ್ಲರೂ ತಿಪ್ಪೇರುದ್ರಪ್ಪನ ಕಡೆ ನೋಡಿದರು. ಒಂದು ಕ್ಷಣ ಅವನ ಮುಖದ ಮೇಲೆ ಅವತ್ತಿನ ಬೆವರು ಬಂದ ಹಾಗೆ ನನಗೆ ಕಂಡಿತು. ಅವನ ಬಾಯಿ ತೆರೆಯಿತು ಕೂಡ. ಆಮೇಲೆ ಅವನು ನನ್ನನ್ನು ಬಿಟ್ಟು ನಮ್ಮನೆಯವರ ಕಡೆ ತಿರುಗಿದ.

"ಏನಪಾ ಸ್ವಾಮಿ, ನೀನ ಹೇಳು. ಸ್ಟೇರಿಂಗ್ ಹಿಡಿದವನು ನೀನು, ಆಕಿ ಅಲ್ಲ. ನಿನಗ ಕಣ್ಣು ಹತ್ತಿತ್ತೋ ಇಲ್ಲೋ?"

ನಮ್ಮನೆಯವರು ಬಾಗಿಲಾಚೆ ನೋಡಿದರು. ಅಲ್ಲಿ ಬಿಸಿಲಲ್ಲಿ ನಮ್ಮ ಕಾರು ತಂತಿ ಕಟ್ಟಿಕೊಂಡು ನಿಂತಿತ್ತು. ತಟ್ಟೆ ನೋಡಿದರು. ನನ್ನ ಕಡೆ ಮಾತ್ರ ನೋಡಲಿಲ್ಲ. ಮುಂದೆ ಬಾಗಿ ಎರಡೂ ಕೈಯಲ್ಲಿ ತಂಬಿಗೆ ಎತ್ತಿ, ಗಂಟಲು ಕುಣಿಯುವಂತೆ ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡರು.

"ಹತ್ತಿದ್ರೂ ಹತ್ತಿರಬಹುದು ಬಿಡ್ರಿ" ಅಂದರು.

ಅಲ್ಲಿಂದ ಬಳ್ಳಾರಿಗೆ ಹೊರಟೆವು. ಬಾದನಹಟ್ಟಿಯ ಸೇತುವೆ ಬಂದಾಗ ಅವರು ಕಾರು ನಿಧಾನ ಮಾಡಿದರು, ಎದುರಿಗೆ ಯಾರೂ ಇರಲಿಲ್ಲ. "ನಿನ್ನ ಮುಂದ ಅವರು ಹಂಗ ನಗೋದು ನೋಡಾಕ ಆಗ್ಲಿಲ್ಲ ನನಗ" ಎಂದರು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ತೊಡೆಯ ಮೇಲೆ, ಅವರು ತೆಗೆದುಕೊಂಡಿದ್ದ ಆ ತಟ್ಟೆಯ ಕಾಯಿ ಇತ್ತು.

ಖಾದರಸಾಬರು ಬಹಳ ಚೆಂದ ರಿಪೇರಿ ಮಾಡಿದರು. ಎಲ್ಲಿ ಪೆಟ್ಟು ಬಿದ್ದಿತ್ತೆಂದು ನನಗೇ ಗುರುತು ಸಿಗಲಿಲ್ಲ. ಎರಡೂ ಲೈಟು ಫಳಫಳ ಹೊಳೆಯುತ್ತಿದ್ದವು. ಆ ಕಾರು ಸ್ಟೇಷನ್ ಮುಂದೆ ಬೆಳಗಿನಿಂದ ಸಂಜೆಯವರೆಗೆ ಹೊಳೆಯುತ್ತಲೇ ನಿಂತಿರುತ್ತಿತ್ತು. ಮರಿಬಸಪ್ಪನವರ ಪಡಸಾಲೆಯಲ್ಲಿ ಎರ್ರಿಸ್ವಾಮಿ ತಾನೇ ಒಪ್ಪಿಕೊಂಡನಂತೆ ಎನ್ನುವುದು ನಮಗಿಂತ ಮೊದಲೇ ಬಳ್ಳಾರಿ ಮುಟ್ಟಿತ್ತು. ಮರುವರ್ಷ ಕಾರು ಮಾರಿದೆವು. ಆಮೇಲೆ ನಮ್ಮನೆಯವರಿಗೆ ಡ್ರೈವರ್ ಕೆಲಸ ಕೊಟ್ಟವನು ಯಾರೆಂದರೆ ತಿಪ್ಪೇರುದ್ರಪ್ಪನೇ. ಅವನ ಫಿಯೆಟ್ಟನ್ನು ನಮ್ಮನೆಯವರು ಏಳೆಂಟು ವರ್ಷ ಓಡಿಸಿದರು, ಒಂದು ಗೀರೂ ಬೀಳಿಸಲಿಲ್ಲ. ಯಾರಾದರೂ ನೆಂಟರು ಕಾರು ಹತ್ತಿದರೆ ಅವನು ಹಿಂದಿನ ಸೀಟಿನಿಂದ, "ಸ್ವಾಮಿ, ನಿದ್ದಿ ಮಾಡಬ್ಯಾಡಪಾ ಮತ್ತ" ಅನ್ನುತ್ತಿದ್ದನಂತೆ. ಎಲ್ಲರೂ ನಗುತ್ತಿದ್ದರಂತೆ. ನಮ್ಮನೆಯವರೂ ನಗುತ್ತಿದ್ದರಂತೆ.

ಹೋದ ತಿಂಗಳು ಒಂದು ಮಧ್ಯಾಹ್ನ ನಮ್ಮನೆಯವರು ಊಟ ಮಾಡಿ ಕುರ್ಚಿಯಲ್ಲಿ ಕೂತಿದ್ದರು. ನಾನು ಹುಣಸೆಹಣ್ಣು ಬಿಡಿಸುತ್ತಿದ್ದೆ. "ಲೇ, ಆವತ್ತು ನನಗ ಖರೇನ ಕಣ್ಣು ಹತ್ತಿತ್ತೇನು?" ಎಂದು ಕೇಳಿದರು.

ತಮಾಷೆ ಮಾಡುತ್ತಿದ್ದಾರೆಂದು ಮುಖ ನೋಡಿದೆ. ತಮಾಷೆ ಇರಲಿಲ್ಲ. ನಾನು ಎದ್ದು ಪೆಟ್ಟಿಗೆಯ ತಳದಿಂದ ಆ ಪಂಚೆ ತೆಗೆದು ಅವರ ತೊಡೆಯ ಮೇಲೆ ಹಾಸಿದೆ.

"ಗಾಡಿ ನಿಂತಿತ್ರಿ. ನೀವು ಕಡ್ಡಿ ಗೀರಿದ್ರಿ. ನೋಡ್ರಿ, ಇಲ್ಲೇ ಬಿದ್ದಿತ್ತು."

ಅವರು ತೂತಿನಲ್ಲಿ ಬೆರಳು ಆಡಿಸುತ್ತ ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ತಲೆ ಅಲ್ಲಾಡಿಸಿದರು.

"ಬೀಡಿ ಸೇದ್ತಾ ಸೇದ್ತಾನೂ ನಿದ್ದಿ ಬರ್ತೈತಿ ಒಮ್ಮೊಮ್ಮೆ" ಅಂದರು.

ನಾನು ಪಂಚೆ ಮಡಚಿ ಮತ್ತೆ ಪೆಟ್ಟಿಗೆಯಲ್ಲಿಟ್ಟು ಬಂದು ಹುಣಸೆಹಣ್ಣಿನ ಮುಂದೆ ಕೂತೆ.